ಒಂದೇ ಸಲ ಕೇಳುವ ಊರು

ಮಳವಳ್ಳಿ

ಪರದೇಶಕ್ಕೆ ಹೋಗುವವರಿಗೆ ಬೇರೆ ಕಡೆ ಹಾರ ಹಾಕಿ ಕಳಿಸುತ್ತಾರಂತೆ. ನನಗೆ ಶಿವಣ್ಣ ಮುದ್ದೆ ಹಾಕಿದರು. ಒಂದನ್ನು ನುಂಗಿ ಮುಗಿಸಿದ್ದೆ, ಇನ್ನೊಂದನ್ನು ತಂದರು. "ಬ್ಯಾಡ ಕಣಣ್ಣ" ಅಂದೆ. ತಟ್ಟೆಗೆ ಬಿತ್ತು. ಉಪ್ಸಾರಿಗೆ ಬೇಡ ಅಂದೆ, ಸುರಿದರು. ಸೊಪ್ಪಿಗೆ ಬೇಡ ಅಂದೆ, ಅದೂ ಬಂತು. ಕೊನೆಗೆ ಉಸಿರು ಕಟ್ಟಿ, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದೆ. ಸೌಟು ಅಲ್ಲೇ ನಿಂತಿತು.

"ನಮ್ಮವ್ವ ಏಳೋಳು," ಅಂದರು ಶಿವಣ್ಣ, ಸೌಟನ್ನು ಪಾತ್ರೆಗೆ ಬಿಡುತ್ತಾ. "ಬಾಯಿ ಬ್ಯಾಡ ಅಂದ್ರೆ ಬಡ್ಸು, ಕೈ ಬ್ಯಾಡ ಅಂದ್ರೆ ಬುಡು."

ಈ ಶಿವಣ್ಣ ಗಗನಚುಕ್ಕಿ ಜಲಪಾತದ ಹತ್ತಿರದ ಬ್ಲಫ್‌ನ ಪವರ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಅವರ ಅಕ್ಕ ಚಿಕ್ಕತಾಯಮ್ಮ ನನಗೆ ಮಂಡ್ಯದ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸಿದ ಮೇಡಂ. ಆಮೇಲೆ ಜರ್ಮನಿಗೆ ಹೋಗಿ ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಕನ್ನಡ ಕಲಿಸಿದರು, ಅತ್ತಿಂದಿತ್ತ ಇತ್ತಿಂದತ್ತ ಪುಸ್ತಕಗಳನ್ನು ಅನುವಾದ ಮಾಡಿದರು. ಕನ್ನಡ ಕಲಿಯಲು ಹುಡುಗರು ಬರುವುದು ನಿಂತು ವಿಭಾಗಕ್ಕೆ ಬೀಗ ಬಿದ್ದ ಮೇಲೆ, ಕೋರ್ಟು ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ಕೆಲಸ ಮಾಡಿಕೊಂಡು ಅಲ್ಲೇ ಉಳಿದರು. ಮೇಡಂ ಅನ್ನುವುದು ಯಾವಾಗಲೋ ಹೋಗಿ ನನಗೆ ಅಕ್ಕ ಆಗಿದ್ದರು. ಜರ್ಮನ್ ಕಲಿ ಅಂತ ನನ್ನ ಬೆನ್ನು ಹತ್ತಿ ಕಲಿಸಿದ್ದೂ ಅವರೇ. ಅದರ ಪುಣ್ಯದಿಂದ ನಾನು ಮದ್ದೂರಿನಲ್ಲಿ ಕೂತು, ಗೆಜ್ಜಲಗೆರೆಯ ಕಾರ್ಖಾನೆಗಳಿಗೆ ಬರುವ ಯಂತ್ರಗಳ ಕೈಪಿಡಿಗಳನ್ನು ಕನ್ನಡ ಮಾಡಿ ಹೊಟ್ಟೆ ಹೊರೆಯುತ್ತೇನೆ. "ಒಳಗೆ ಕೈ ಹಾಕಬೇಡಿ" ಎಂಬ ವಾಕ್ಯವನ್ನು ನನ್ನಷ್ಟು ಸಲ ಬರೆದವರು ಈ ಜಿಲ್ಲೆಯಲ್ಲಿ ಇರಲಾರರು.

ಅಕ್ಕನಿಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಕಲಿತ ಭಾಷೆಗಳೆಲ್ಲ ತಲೆಯಿಂದ ಅಳಿಸಿಹೋಗಿದ್ದವು. ಜರ್ಮನ್ ಇಲ್ಲ, ಇಂಗ್ಲಿಷ್ ಇಲ್ಲ, ಪುಸ್ತಕದ ಕನ್ನಡವೂ ಇಲ್ಲ. ಉಳಿದಿದ್ದು ಮಳವಳ್ಳಿ ಸೀಮೆಯ ಮಾತು ಒಂದೇ. ಅವರನ್ನು ಇಟ್ಟಿದ್ದ ಆರೈಕೆ ಮನೆಯಲ್ಲಿ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಮೊಬೈಲಿನ ಅನುವಾದ ಯಂತ್ರಕ್ಕೆ ಹಿಡಿದರೆ ಅದೂ ಕೈಯೆತ್ತಿತಂತೆ. ಅಲ್ಲಿಯವರಿಗೆ ಗೊತ್ತಾದದ್ದು ಒಂದೇ, ಈಕೆ ಊಟ ಬೇಡ ಅನ್ನುತ್ತಿದ್ದಾರೆ ಎಂದು.

ಅಕ್ಕ ಗಟ್ಟಿಮುಟ್ಟಾಗಿದ್ದಾಗ ಜರ್ಮನ್‌ನಲ್ಲಿ ಬರೆದುಕೊಟ್ಟಿದ್ದರು: ನಾನಾಗಿ ಊಟ ನಿರಾಕರಿಸಿದರೆ ಒತ್ತಾಯ ಮಾಡಬೇಡಿ, ಹೊಟ್ಟೆಗೆ ಕೊಳವೆ ಹಾಕಬೇಡಿ. ಅಲ್ಲಿ ಅಂಥ ಮಾತಿಗೆ ಕಾನೂನಿನ ಬಲವಿದೆ. ಆದರೆ ಆ ನಿರಾಕರಣೆ ನಿಜವೋ ಅಲ್ಲವೋ ತಿಳಿಯದೆ ಡಾಕ್ಟರು ಡ್ರಿಪ್ ಒಂದನ್ನೇ ಕೊಟ್ಟುಕೊಂಡು ತಡೆದು ನಿಂತಿದ್ದರು. ಗುರುವಾರ ತೀರ್ಮಾನ. ಅಷ್ಟರೊಳಗೆ ಎರಡೂ ಕಡೆಯ ಮಾತು ಬಲ್ಲವರು ಯಾರಾದರೂ ಬರಲಿ ಎಂದು ಹೇಳಿ ಕಳಿಸಿ, ತುರ್ತು ವೀಸಾಕ್ಕೆ ಕಾಗದವನ್ನೂ ಕೊಟ್ಟಿದ್ದರು.

"ಅಕ್ಕ ಉಣ್ಣದೆ ಇರೋಳಲ್ಲ ಕಣವ್ವ," ಅಂದರು ಶಿವಣ್ಣ. ಅವರ ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಕಾನ್ವೊಕೇಶನ್ ಗೌನಿನಲ್ಲಿ ಅಕ್ಕ. "ಆ ಜನ ಸರ್ಯಾಗಿ ಕರ್ದಿರಕ್ಕಿಲ್ಲ. ನಂಗೆ ಮಂಡಿನೋವು, ಪಾಸ್‌ಪೋಟೂ ಇಲ್ಲ, ಆ ಬಾಸೆನೂ ಬರಕ್ಕಿಲ್ಲ. ನೀನೇ ಓಗಿ ಉಣ್ಸ್ಬುಟ್ಟು ಬಾ."

ಆಕಾಶ

ವಿಮಾನದಲ್ಲಿ ಗಗನಸಖಿ ತಟ್ಟೆ ಹಿಡಿದು ಬಂದು ಊಟ ಬೇಕೇ ಅಂದಳು. ನಾನು ಮುಗುಳ್ನಕ್ಕು ಬೇಡ ಅಂದೆ. ಅವಳೂ ಮುಗುಳ್ನಕ್ಕು ಗಾಡಿ ತಳ್ಳಿಕೊಂಡು ಹೋದಳು.

ಹೊಟ್ಟೆ ಚುರುಗುಟ್ಟುತ್ತಿತ್ತು. ಬೇಡ ಅಂದದ್ದು ಮರ್ಯಾದೆಗೆ. ಅವಳು ಇನ್ನೊಂದು ಸಲ ಕೇಳುತ್ತಾಳೆ, ಆಗ ಸಂಕೋಚದಿಂದ ಇಸಿದುಕೊಳ್ಳೋಣ ಅಂದುಕೊಂಡಿದ್ದೆ. ಅವಳು ತಿರುಗಿಯೂ ನೋಡಲಿಲ್ಲ. ಭಾಷಾವಿಜ್ಞಾನ ಓದಿದವಳು ನಾನು, ಅನ್ನ ಕೇಳಿ ಇಸಿದುಕೊಳ್ಳಲು ಬರಲಿಲ್ಲ. ಪಕ್ಕದವನು ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರುವುದನ್ನು ಕಣ್ಣಂಚಿನಲ್ಲಿ ನೋಡುತ್ತಾ ಅರಬ್ಬೀ ಸಮುದ್ರ ದಾಟಿದೆ. ನನ್ನ ಅವಸ್ಥೆಗೆ ನನಗೇ ನಗು ಬರುತ್ತಿತ್ತು; ಅಕ್ಕನ ಬೇಡವೂ ಇಂಥದ್ದೇ ಇರಬಹುದು ಎಂದು ಹೊಳೆದಾಗ ಅದು ನಿಂತುಹೋಯಿತು.

ಫ್ರಾಂಕ್‌ಫರ್ಟ್

ಕಸ್ಟಮ್ಸಿನಲ್ಲಿ ನನ್ನ ರಾಗಿ ಹಿಟ್ಟು ಸಿಕ್ಕಿಬಿತ್ತು. ಶಿವಣ್ಣನ ಮನೆಯವರು ಹುರಿದು ಬೀಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಹಳೇ ಪಂಚೆಯ ತುಂಡು ಕಟ್ಟಿ ಕೊಟ್ಟಿದ್ದರು. ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು. ಅಧಿಕಾರಿ ಗಂಟು ಬಿಚ್ಚಿ ಮೂಸಿ ಜೋರಾಗಿ ಸೀನಿದ. ಇದು ಏನು ಅಂದ. ಊಟ ಅಂದೆ. ಇದನ್ನು ಹೇಗೆ ತಿನ್ನುತ್ತೀರಿ ಅಂದ. ಅಗಿಯುವುದಿಲ್ಲ, ನುಂಗುತ್ತೇವೆ ಅಂದೆ. ಅವನ ಅನುಮಾನ ಇನ್ನಷ್ಟು ಹೆಚ್ಚಿತು. ಯಾವುದೋ ಕಾಗದದ ಪಟ್ಟಿಯನ್ನು ಹಿಟ್ಟಿಗೆ ಒತ್ತಿ ಯಂತ್ರದೊಳಗೆ ಇಟ್ಟು ನೋಡಿ, ಕೊನೆಗೆ ಗಂಟನ್ನು ಮೊದಲಿಗಿಂತ ನೀಟಾಗಿ ಕಟ್ಟಿಕೊಟ್ಟ.

ಅಲ್ಲಿಂದ ರೈಲು. ನಮ್ಮ ಮದ್ದೂರಿನಲ್ಲಿ ರೈಲು ನಿಲ್ಲುವ ಮೊದಲೇ ವಡೆ ಕಿಟಕಿಯೊಳಗೆ ಬಂದಿರುತ್ತದೆ. ಬೇಡ ಅಂದರೂ ಮೂಗಿನ ಕೆಳಗೇ ಹಿಡಿದಿರುತ್ತಾರೆ. ಬುತ್ತಿ ಬಿಚ್ಚಿದವರು ಎದುರಿಗಿದ್ದವರಿಗೆ ಒಂದು ಚೂರು ಚಾಚದೆ ತಿಂದರೆ ಅವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ನನ್ನ ಎದುರು ಕೂತ ಹೆಂಗಸು ಡಬ್ಬಿ ತೆರೆದು ಸೇಬಿನ ಹೋಳುಗಳನ್ನು ಒಂದೊಂದಾಗಿ ತಿಂದು ಮುಗಿಸಿದಳು. ಒಳ್ಳೆಯವಳೇ. ನನ್ನ ಪೆಟ್ಟಿಗೆ ಎತ್ತಿಡಲು ತಾನಾಗಿ ಬಂದಿದ್ದಳು. ತನ್ನ ಊಟವನ್ನು ಇನ್ನೊಬ್ಬರ ಮೇಲೆ ಹೇರಬಾರದು ಎಂಬುದು ಅವಳ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ಮಾತ್ರ ಮನಸ್ಸಿನಲ್ಲೇ ಬೈದುಕೊಂಡೆ.

ಆರೈಕೆ ಮನೆ

ಊರು ಹೊಳೆಯ ದಂಡೆಯಲ್ಲಿದೆ. ಹೊಳೆಗೆ ಸದ್ದಿಲ್ಲ. ಗಗನಚುಕ್ಕಿಯ ಮೊರೆತ ಕೇಳಿಕೊಂಡು ಬೆಳೆದ ಹೆಂಗಸು ಇಷ್ಟು ವರ್ಷ ಇಲ್ಲಿ ಹೇಗಿದ್ದಳೋ ಅನ್ನಿಸಿತು.

ಬಾಗಿಲಲ್ಲಿ ಕ್ರಿಸ್ಟಾ ಎಂಬ ನರ್ಸ್ ಸಿಕ್ಕಳು. ನನ್ನ ವಯಸ್ಸಿನವಳೇ, ದುಂಡು ಮುಖ. "ಫ್ರಾವ್ ಕೆಂಪಯ್ಯನನ್ನು ನೋಡಲು ಬಂದಿರಾ?" ಅಂದಳು. ಫ್ರಾವ್ ಅಂದರೆ ಶ್ರೀಮತಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ ಬಿದ್ದದ್ದರಿಂದ ಅಕ್ಕ ಅಲ್ಲಿ ಬದುಕಿಡೀ ಅಪ್ಪನ ಹೆಸರಲ್ಲೇ ಕರೆಸಿಕೊಂಡಿದ್ದರು. ಪವರ್‌ಹೌಸಿನಲ್ಲಿ ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಓಡಾಡಿದ ಕೆಂಪಯ್ಯನವರಿಗೆ ಜರ್ಮನಿಯಲ್ಲಿ ತಾವು ಶ್ರೀಮತಿಯಾದದ್ದು ಕೊನೆಗೂ ತಿಳಿಯಲಿಲ್ಲ.

ಕೋಣೆಯೊಳಗೆ ಕಾಲಿಟ್ಟವಳು ಹಾಗೇ ನಿಂತೆ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೂಳೆಯ ಮೇಲೆ ಸೀರೆ ಸುತ್ತಿದಂತಿದ್ದರು. ತೊಡೆಯ ಮೇಲೆ ಕೈಚೀಲ, ಎಡಗೈಯಿಂದ ಅದರ ಹಿಡಿ ಬಿಗಿಯಾಗಿ ಹಿಡಿದಿದ್ದರು.

"ಬಾರವ್ವ," ಅಂದರು ನನ್ನನ್ನು ನೋಡಿ. ಗುರುತು ಹತ್ತಿರಲಿಲ್ಲ. "ನೀನೂ ಇವ್ರ ಮನೇಗೆ ಬಂದಿದ್ದೀಯಾ? ನಾನು ಓಯ್ತೀನಿ. ಕತ್ಲಾದ್ರೆ ಮಳವಳ್ಳಿ ಬಸ್ಸು ಸಿಕ್ಕಕ್ಕಿಲ್ಲ."

ಕ್ರಿಸ್ಟಾ ತಟ್ಟೆ ತಂದಳು. ಬೇಯಿಸಿ ಅರೆದ ತರಕಾರಿ. ಮಂಡಿಯೂರಿ ಕೂತು ಅಕ್ಕನ ಮುಖ ನೋಡುತ್ತಾ, ಊಟ ಮಾಡುತ್ತೀರಾ ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ ಕಣವ್ವ. ಮನೇಲೆ ಉಂಡ್ಕೊಂಡು ಬಂದೆ."

ಕ್ರಿಸ್ಟಾ ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಹೋದಳು. ಅವಳ ಮುಖದಲ್ಲಿ ಎಷ್ಟು ಗೌರವವಿತ್ತೆಂದರೆ ನನಗೆ ಅಳು ಬಂತು. ಅಕ್ಕ ತಾನು ಯಾರದೋ ಮನೆಗೆ ನೆಂಟಸ್ತಿಕೆಗೆ ಬಂದಿದ್ದೇನೆ ಅಂದುಕೊಂಡು ಕೂತಿದ್ದರು. ಮೊದಲ ಸಲಕ್ಕೇ ತಟ್ಟೆಗೆ ಕೈ ಹಾಕುವಂಥ ಮನೆತನ ಅವರದಲ್ಲ. ಈ ಆರೈಕೆ ಮನೆಯಲ್ಲೋ ಎರಡನೇ ಸಲ ಕೇಳುವವರು ಯಾರೂ ಇರಲಿಲ್ಲ. ಹೀಗೆ ಎರಡು ಮರ್ಯಾದೆಗಳ ನಡುವೆ ಸಿಕ್ಕಿ ಒಂದು ಜೀವ ವಾರಗಟ್ಟಲೆ ಒಣಗಿತ್ತು.

ಗಂಜಿ

ಮಾರನೆಯ ದಿನ ಅಡುಗೆಮನೆಗೆ ಹೋಗಿ ರಾಗಿ ಗಂಜಿ ಕಾಯಿಸಿದೆ. ನುಂಗಲು ಕಷ್ಟಪಡುವವರಿಗೆ ನೀರಿಗಿಂತ ಮಂದವಾದದ್ದೇ ಒಳ್ಳೆಯದು ಎಂದು ಕ್ರಿಸ್ಟಾ ಅಲುಗಿಸಿ ನೋಡಿ ಒಪ್ಪಿದಳು.

"ಅಕ್ಕ, ಒಸಿ ಗಂಜಿ ಕುಡೀರಿ."

"ಬ್ಯಾಡ ಬುಡವ್ವ."

"ಅಯ್ಯೋ, ನಮ್ಮನೇಗೆ ಬಂದು ಅಂಗೇ ಓಯ್ತೀರಾ? ಒಂದ್ ಗುಟುಕು."

"ಒಟ್ಟೆ ತುಂಬ್ಯದೆ ಕಣಮ್ಮಿ, ಸುಳ್ಳೇಳ್ತೀನಾ?"

"ನೀವು ಕುಡೀದಿದ್ರೆ ನಾನೂ ಉಣ್ಣಕ್ಕಿಲ್ಲ, ನೋಡಿ."

ಅಕ್ಕ ನಿಟ್ಟುಸಿರು ಬಿಟ್ಟರು. ಅವರ ಎಡಗೈ ಚೀಲದ ಮೇಲೇ ಇತ್ತು, ಅಡ್ಡ ಬರಲಿಲ್ಲ. "ಒಳ್ಳೆ ಬಲವಂತ ಮಾಡ್ತೀಯಲ್ಲೇ" ಎಂದು ಬಾಯಿ ತೆರೆದರು.

ಒಂದು ಚಮಚ. ಇನ್ನೊಂದು. ಅರ್ಧ ಬಟ್ಟಲು ಒಳಗೆ ಹೋಯಿತು. ಕ್ರಿಸ್ಟಾ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ನಾನು ಗೆದ್ದೆ ಅಂದುಕೊಂಡೆ. ಹೊರಗೆ ಬಂದು ಶಿವಣ್ಣನಿಗೆ ಫೋನ್ ಮಾಡಿ, "ಅಕ್ಕ ಉಂಡ್ರು ಕಣಣ್ಣ" ಅಂದೆ. "ನಾನ್ ಏಳ್ಲಿಲ್ವಾ!" ಎಂದು ಅವರು ಮಳವಳ್ಳಿಯಿಂದ ಕೂಗಿದ್ದು ಫೋನಿಲ್ಲದೆಯೂ ಕೇಳುವಂತಿತ್ತು.

ಕ್ರಿಸ್ಟಾಗೆ ನಮ್ಮ ಕಡೆಯ ಪದ್ಧತಿ ವಿವರಿಸಿದೆ. ಮೊದಲ ಬೇಡ ಲೆಕ್ಕಕ್ಕಿಲ್ಲ, ಎರಡನೆಯದೂ ಇಲ್ಲ, ಒತ್ತಾಯ ಮಾಡಬೇಕು. ಅವಳು ಅಕ್ಕನ ಕೋಣೆಯ ಬಾಗಿಲು ಎಳೆದುಕೊಂಡಳು. "ಇಲ್ಲಿ ನಾನು ಎರಡನೇ ಸಲ ಚಮಚ ಚಾಚಿದರೆ ಆಕೆಯ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅರ್ಥ. ನಾನು ಈ ಕೆಲಸಕ್ಕೆ ಸೇರಿದಾಗ ಮೊದಲು ಕಲಿತದ್ದೇ ಅದು," ಅಂದಳು. ಜಗಳದ ದನಿ ಅಲ್ಲ. ಅವಳಿಗೆ ನಿಜಕ್ಕೂ ಭಯವಾಗಿತ್ತು.

ನನಗೆ ಮಂಡ್ಯದ ತರಗತಿ ನೆನಪಾಯಿತು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಕಿಟಕಿಯಲ್ಲಿ ಬರುತ್ತಿತ್ತು. ಅಕ್ಕ ಬೋರ್ಡಿಗೆ ಬೆನ್ನು ಹಾಕಿ ನಿಂತು ಬ್ಲಫ್‌ನ ಕಥೆ ಹೇಳಿದ್ದರು. ಅಲ್ಲಿಯ ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ಇತ್ತು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದಾಗ ಹೆಂಗಸರು ಈ ಪುಟ್ಟ ಹುಡುಗಿಯನ್ನು ಕರೆಯುತ್ತಿದ್ದರು. ಇವಳು ಎಲ್ಲರ ಮಾತನ್ನೂ ಎಲ್ಲರಿಗೂ ದಾಟಿಸುತ್ತಿದ್ದಳು. "ಆದರೆ ನಮ್ಮ ಮನೆಗೆ ಬಂದವರಿಗೆ ಅವ್ವ ಊಟ ಇಟ್ಟಾಗ ಬೇಡ ಅನ್ನುತ್ತಿದ್ದರು," ಅಂದಿದ್ದರು. "ಕೆಲವರದು ನಾಚಿಕೆಯ ಬೇಡ. ಕೆಲವರಿಗೆ ನಿಜವಾಗಿ ಹೊಟ್ಟೆ ತುಂಬಿತ್ತು. ಇನ್ನು ಕೆಲವರಿಗೆ ನಮ್ಮ ಜಾತಿಯವರ ಮನೆಯಲ್ಲಿ ನೀರೂ ಇಳಿಯುತ್ತಿರಲಿಲ್ಲ. ಎಲ್ಲರೂ ನಗುನಗುತ್ತಲೇ ಬೇಡ ಅನ್ನುತ್ತಿದ್ದರು. ಯಾವುದು ಯಾವುದು ಎಂದು ತಿಳಿದುಕೊಳ್ಳುವುದಕ್ಕೇ ನಾನು ಭಾಷಾವಿಜ್ಞಾನಕ್ಕೆ ಬಂದದ್ದು."

ಅಕ್ಕ ಏನೂ ಆಗದವರಂತೆ ಸೀಮೆಸುಣ್ಣ ತೆಗೆದುಕೊಂಡು ಪಾಠ ಮುಂದುವರಿಸಿದ್ದರು.

ಬುಧವಾರ

ಬುಧವಾರ ಗಂಜಿ ನಾಲ್ಕು ಚಮಚಕ್ಕಿಂತ ಹೆಚ್ಚು ಇಳಿಯಲಿಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಎಲೆ ಉದುರಿದ ಮರಗಳು, ಸದ್ದಿಲ್ಲದ ಹೊಳೆ.

"ಇದು ಬ್ಲಫ್ ಅಲ್ಲ, ಅಲ್ವಾ?"

"ಅಲ್ಲ ಅಕ್ಕ. ಜರ್ಮನಿ. ನೀವಿರೋ ಊರೇ."

"ನೀನು ಸುಧಾ."

ಮೂರು ದಿನದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದಿದ್ದರು. ಏನಾಗಿದೆ ಎಂದು ಕೇಳಿದರು. ಲಕ್ವ ಹೊಡೆದದ್ದು, ಮಾತುಗಳು ಹೋದದ್ದು, ಇನ್ನು ಎದ್ದು ಓಡಾಡುವುದು ಕಷ್ಟ ಎಂಬುದು, ಎಲ್ಲವನ್ನೂ ಹೇಳಿದೆ. ಜರ್ಮನ್ ಪೂರ್ತಿ ಹೋಯಿತೇ ಅಂದರು. ಪೂರ್ತಿ ಅಂದೆ. ತುಟಿ ಅಲುಗಿಸಿ ಯಾವುದೋ ಪದಕ್ಕಾಗಿ ತಡಕಿದರು. ಸಿಗಲಿಲ್ಲ.

"ದುಡ್ಮೆ ಎಲ್ಲ ಓಯ್ತು ಅನ್ನು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈ ಚೀಲ ಬೀರುಗೆ ಮಡುಗು. ಬಸ್ಸು ಬರಕ್ಕಿಲ್ಲ" ಅಂದರು.

ತೊಡೆಯ ಮೇಲಿಂದ ಚೀಲ ತೆಗೆದಾಗ ಅವರು ತೀರಾ ಸಣ್ಣವರಾಗಿ ಕಂಡರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅಕ್ಕ ಎರಡನ್ನೂ ಬಲ್ಲವರು. ಗಾದೆ ಮಾಡಿದವರನ್ನು ಆ ಕೋಣೆಗೆ ಕರೆತಂದು ಕೂರಿಸಬೇಕು ಅನ್ನಿಸಿತು.

ಗುರುವಾರ

ಡಾಕ್ಟರು ಎತ್ತರದ ಹೆಂಗಸು, ನೆರೆತ ಕೂದಲು. ಕೋಣೆಗೆ ಬಂದವರೇ ಅಕ್ಕನ ಕೈ ಹಿಡಿದರು. "ನನ್ನ ಎಷ್ಟೋ ರೋಗಿಗಳ ಪಕ್ಕದಲ್ಲಿ ಇವರು ದುಭಾಷಿಯಾಗಿ ಕೂತಿದ್ದಾರೆ," ಅಂದರು ನನಗೆ. "ನಾನು ಅವಸರ ಮಾಡಿದಾಗಲೆಲ್ಲ, ರೋಗಿ ಇನ್ನೂ ಮುಗಿಸಿಲ್ಲ ಅನ್ನುತ್ತಿದ್ದರು."

ಬೇಡ ಎಂಬುದರ ವಿಚಾರ ನಾನು ಹೇಳಿದ್ದನ್ನು ಕ್ರಿಸ್ಟಾ ಅವರಿಗೆ ಮುಟ್ಟಿಸಿದ್ದಳು. ಆದ್ದರಿಂದ ನಮ್ಮ ಪದ್ಧತಿಯಲ್ಲೇ ಕೇಳೋಣ ಎಂದು ಅವರೇ ಹೇಳಿದರು. ಬಾಯಲ್ಲಿ ಉಣ್ಣುತ್ತೀರಾ, ಇಲ್ಲದಿದ್ದರೆ ಹೊಟ್ಟೆಗೆ ಕೊಳವೆ ಹಾಕಿ ಊಟ ಕೊಡಬಹುದು, ಅದರಿಂದ ಇನ್ನೂ ಕೆಲಕಾಲ ಬದುಕುತ್ತೀರಿ, ಎರಡೂ ಇಲ್ಲದಿದ್ದರೆ ಬದುಕುವುದಿಲ್ಲ. ಅಷ್ಟನ್ನೂ ಒಂದು ಮಾತು ಬಿಡದೆ ಅಕ್ಕನ ಮಾತಿಗೆ ತಂದೆ. ಯಂತ್ರದ ಕೈಪಿಡಿ ಮಾಡಿದ ನಾಲಿಗೆಗೆ ಅದು ಸುಲಭವಾಗಲಿಲ್ಲ.

"ಬ್ಯಾಡ," ಅಂದರು ಅಕ್ಕ.

ಎರಡನೇ ಸಲ ಕೇಳಿದೆ.

"ಬ್ಯಾಡ ಕಣಮ್ಮಿ."

ಗಂಜಿಯ ಬಟ್ಟಲನ್ನು ಅವರ ಮುಂದಿನ ಹಲಗೆಯ ಮೇಲಿಟ್ಟೆ. ಚಮಚ ತುಂಬಿದೆ. "ಶಿವಣ್ಣ ಉಣ್ಸ್ಬುಟ್ಟು ಬಾ ಅಂದವ್ರೆ ಅಕ್ಕ. ನಾನು ಏನಂತ ಮುಖ ತೋರಿಸ್ಲಿ? ಒಂದ್ ಗುಟುಕು. ನಿಮ್ಮ ಕಾಲಿಗೆ ಬೀಳ್ತೀನಿ."

ಅಕ್ಕ ಮಾತಾಡಲಿಲ್ಲ. ಅವರ ಎಡಗೈ ಸೀರೆಯ ಮಡಿಲಿಂದ ಎದ್ದಿತು. ಮೆಲ್ಲಗೆ ಬಂದು ಬಟ್ಟಲಿನ ಮೇಲೆ ಅಂಗೈ ಬೋರಲಾಗಿ ಅಡ್ಡ ಕೂತಿತು. ಗಂಜಿಯ ಹಬೆ ಬೆರಳ ಸಂದಿನಿಂದ ಬರುತ್ತಿತ್ತು. ಕೈ ಅಲುಗಲಿಲ್ಲ.

ಡಾಕ್ಟರು ಕಾದರು. "ಮೂರನೇ ಸಲ ಅವರು ಬೇಡ ಅನ್ನಲೇ ಇಲ್ಲವಲ್ಲ," ಅಂದರು ಕೊನೆಗೆ. "ಮೊದಲೆರಡು ಮರ್ಯಾದೆಯ ಮಾತು ಎಂದು ನೀವೇ ಹೇಳಿದ್ದೀರಿ. ಕೈ ಚಾಚಿದ್ದು ಬಟ್ಟಲು ಬೇಕೆಂದೋ ಬೇಡವೆಂದೋ ನನಗೆ ತಿಳಿಯದು. ಹಾಗಾದರೆ ಇದನ್ನು ನಿರಾಕರಣೆ ಎಂದು ನಾನು ಹಿಡಿಯಲಾರೆ. ಕೊಳವೆ ಹಾಕಲು ಏರ್ಪಾಡು ಮಾಡುತ್ತೇನೆ."

ಆ ಕೈಯ ಅರ್ಥ ಬಲ್ಲವರು ಆ ಕಟ್ಟಡದಲ್ಲಿ ಇಬ್ಬರೇ. ಒಬ್ಬರಿಗೆ ಅದನ್ನು ಜರ್ಮನ್‌ನಲ್ಲಿ ಹೇಳಲು ಬಾರದು. ಇನ್ನೊಬ್ಬಳು ನಾನು. ನಾನು ಸುಮ್ಮನಿದ್ದರೆ ಸಾಕಿತ್ತು. ಅಕ್ಕ ಬದುಕುತ್ತಿದ್ದರು, ಶಿವಣ್ಣನಿಗೆ ಮಾತು ಉಳಿಸಿಕೊಟ್ಟಂತಾಗುತ್ತಿತ್ತು, ಯಾರೂ ನನ್ನನ್ನು ಸುಳ್ಳಿ ಅನ್ನುತ್ತಿರಲಿಲ್ಲ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಅಕ್ಕ ತರಗತಿಯಲ್ಲಿ ಅನುವಾದಕರಿಗೇ ಮಾಡಿದ್ದು ಎಂದು ನಗಿಸುತ್ತಿದ್ದರು. ಆ ಒದೆ ನನಗೆ ಯಾರೂ ಏಳದೆಯೇ ಆಗಲೇ ಬಿದ್ದಿತ್ತು.

ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟ ಅಲ್ಲ. ವಿದ್ಯಾರ್ಥಿ ಎದ್ದು ನಿಂತಾಗ ಉತ್ತರಕ್ಕೆ ಕಾಯುವ ಮೇಡಂ ನೋಟ.

"ಡಾಕ್ಟರೇ, ಅವರು ಹೇಳಿದ್ದಾರೆ," ಅಂದೆ. "ನಮ್ಮಲ್ಲಿ ಬಾಯಿ ಬೇಡ ಅಂದರೆ ಬಡಿಸುತ್ತೇವೆ. ಕೈ ಅಡ್ಡ ಇಟ್ಟರೆ ಬಡಿಸುವುದಿಲ್ಲ. ಅದಾದ ಮೇಲೆ ಯಾರೂ ಕೇಳುವುದಿಲ್ಲ."

ಡಾಕ್ಟರು ಬಟ್ಟಲನ್ನು ನೋಡಿದರು, ಕೈಯನ್ನು ನೋಡಿದರು. ಕ್ರಿಸ್ಟಾ ಕಿಟಕಿಯ ಕಡೆ ತಿರುಗಿಕೊಂಡಳು. ಅಕ್ಕ ಕೈ ತೆಗೆದು ಮಡಿಲಿಗೆ ಹಾಕಿಕೊಂಡರು. ನಾನು ಬಟ್ಟಲು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ತೊಳೆದಿಟ್ಟೆ.

ಹೊರಟ ದಿನ

ಒಪ್ಪಿಕೊಂಡ ಕೆಲಸ ಕಾಯುತ್ತಿತ್ತು, ವೀಸಾ ಮುಗಿಯುತ್ತಿತ್ತು. ಅಕ್ಕ ಹಾಸಿಗೆ ಹಿಡಿದಿದ್ದರು. ತುಟಿಗೆ ಒದ್ದೆ ಹತ್ತಿ ಸವರುವುದಷ್ಟೇ ಉಳಿದಿತ್ತು. ಅದನ್ನು ಕ್ರಿಸ್ಟಾ ಮಾಡುತ್ತಿದ್ದಳು.

"ಬತ್ತೀನಿ ಅಕ್ಕ."

ಕಣ್ಣು ಬಿಟ್ಟರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. "ಉಂಡ್ಕೊಂಡು ಓಗು," ಅಂದರು.

ಏನು ಹೇಳಿದರು ಎಂದು ಕ್ರಿಸ್ಟಾ ಕೇಳಿದಳು, ಹೇಳಿದೆ. ಅವಳು ಹೋಗಿ ತನ್ನ ಡಬ್ಬಿ ತಂದಳು. ಬ್ರೆಡ್ಡು, ಮೇಲೆ ಬೆಣ್ಣೆ. ಬೇಡ ಅಂದೆ. ಅವಳು ಹೋಗಲಿಲ್ಲ. ಇನ್ನೊಮ್ಮೆ ಚಾಚಿದಳು. ಬೇಡ ಅಂದೆ. ಕೆಂಪಾದ ಮುಖದಲ್ಲಿ, ಏನೋ ತಪ್ಪು ಮಾಡುತ್ತಿರುವವಳಂತೆ, ಮತ್ತೆ ಚಾಚಿದಳು. ಅಕ್ಕನ ಹಾಸಿಗೆಯ ಪಕ್ಕ ನಿಂತು ಅದನ್ನು ಪೂರ್ತಿ ತಿಂದೆ.

ಮತ್ತೆ ಮಳವಳ್ಳಿ

ಬೆಂಗಳೂರಿನಲ್ಲಿ ಇಳಿದಾಗ ಕ್ರಿಸ್ಟಾಳ ಸಂದೇಶ ಬಂದಿತ್ತು. ಬೆಳಗಿನ ಜಾವ, ನಿದ್ದೆಯಲ್ಲಿ, ನೋವಿಲ್ಲದೆ ಎಂದು ಬರೆದಿದ್ದಳು. ಅವರೂ ಹೀಗೇ ಬರೆಯುತ್ತಾರೆ, ನಾವೂ ಹೀಗೇ ಬರೆಯುತ್ತೇವೆ. ಗುರುವಾರದ ವಿಷಯವನ್ನು ನಾನು ಫೋನಿನಲ್ಲಿ ಶಿವಣ್ಣನಿಗೆ ಹೇಳಿರಲಿಲ್ಲ, ಇದನ್ನೂ ಹೇಳಲಿಲ್ಲ. ಮದ್ದೂರಿನ ಮನೆಗೆ ಹೋಗದೆ ನೇರ ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಕಟ್ಟಿದೆ, ಒಡೆದೆ, ಮತ್ತೆ ಕಟ್ಟಿದೆ. ಹೊಟ್ಟೆಪಾಡಿಗೆ ಮಾತು ದಾಟಿಸುವವಳಿಗೆ ಒಂದೂ ಸರಿಬರಲಿಲ್ಲ.

ಶಿವಣ್ಣ ಬಾಗಿಲಲ್ಲೇ ಕಾಯುತ್ತಿದ್ದರು. "ಮೊದ್ಲು ಉಣ್ಣು, ಆಮೇಕೆ ಮಾತು. ಆರ್ಕೊಂಡ್ ಓಯ್ತದೆ," ಎಂದು ಎಳೆದುಕೊಂಡು ಹೋಗಿ ಕೂರಿಸಿದರು. ತಟ್ಟೆ ಬಂತು. ಮುದ್ದೆ ಹಿಡಿದುಕೊಂಡು ಬಂದರು. ಗೋಡೆಯ ಮೇಲೆ ಗೌನು ಹಾಕಿದ ಅಕ್ಕ ನಗುತ್ತಿದ್ದರು.

"ಕಡೇಗೆ ಅಕ್ಕ ಸರ್ಯಾಗಿ ಉಂಡ್ಳಾ? ಅವ್ರು ಕರ್ದಿದ್ದು ಸಾಲ್ದು ಅಂದ್ನಲ್ಲ, ನೀನು ಕರೆದ್ಯಾ? ಏನಂದ್ಲು?"

ಎಡಗೈ ಎತ್ತಿ, ಖಾಲಿ ತಟ್ಟೆಯ ಮೇಲೆ ಅಂಗೈ ಬೋರಲಾಗಿ ಅಡ್ಡ ಇಟ್ಟೆ.

ಶಿವಣ್ಣ ಆ ಕೈಯನ್ನು ನೋಡಿದರು. ಎಡಗೈ ಯಾಕೆ ಎಂದು ಕೇಳಲಿಲ್ಲ. ಮುದ್ದೆಯನ್ನು ಪಾತ್ರೆಗೆ ವಾಪಸ್ ಹಾಕಿ, ಮುಚ್ಚಳ ಮುಚ್ಚಿ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.